ಬಾಗಿಲ ಹತ್ರದ ಚೌಕ

ಗೋಗಿ, ಸೋಮವಾರ

ಶಹಾಪುರದ ಮಳಗಿಯ ಘನ ಮಾಲಕರಾದ ಹಂಪಣ್ಣ ಕಾಕಾ ಅವರಿಗೆ,

ಗೋಗಿ ಹೊಲಿಗಿ ಸಾಮ್ರಾಜ್ಯದ ಭಾವೀ ಮ್ಯಾನೇಜರ್ ಮಸರತಳ ಸಲಾಂ.

ನಮ್ಮನಿ ಪಡಸಾಲ್ಯಾಗ ಈಗ ಐದು ಮಷೀನು. ಗಿರಾಕಿಗಳು ಒಲಿ ಮುಂದ ನಿಂತು ಅಳತಿ ಕೊಡಾಕತ್ತಾರ. ಆದರೂ ಮಾತಾದಂಗ ಶುಕ್ರವಾರ ಮಷೀನು ತಗೊಂಡು ನಿಮ್ಮ ಮಳಗಿಗೆ ಬರೋದು ಆಗಂಗಿಲ್ರಿ. ಅಬ್ಬಾ ತೀರಿಕೊಂಡ ಸುದ್ದಿ ನಿಮಗ ಮುಟ್ಟಿರಬೇಕು. ಅಮ್ಮಿ ಇದ್ದತ್ ಕುಂತಾಳ. ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟಂಗಿಲ್ಲ. ಬಟ್ಟಿ ಕತ್ತರಿಸೋದು ಆಕಿನೇ. ಆ ಕೆಲಸ ನಾನು ಹಿಡಿದ್ರ ಊರ ಬ್ಲೌಸುಗಳ ಶಾಪ ನಿಮಗೂ ತಟ್ಟತದ. ಅಲ್ಲೀತನಕ ಮಳಗಿ ಬ್ಯಾರೆಯವರಿಗೆ ಕೊಡಬ್ಯಾಡ್ರಿ.

ಇನ್ನೊಂದು ಅರ್ಜಿ. ಅಳತಿ ನೋಡಾಕ ನಿಮ್ಮಿಂದ ಮಳಗಿ ಕೀಲಿ ತಗೊಂಡ ದಿನ ಅಬ್ಬಾ, ಯಾವ ಮಷೀನು ಎಲ್ಲಿ ಅಂತ ಚಾಕ್‌ಪೀಸಿನಿಂದ ಅಲ್ಲಿ ನೆಲದ ಮ್ಯಾಲ ಗೆರಿ ಹಾಕಿದ್ರು. ಬಾಗಿಲ ಹತ್ರ ತಮ್ಮ ಕುರ್ಚಿಗೂ ಒಂದು ಚೌಕ. ಅದರೊಳಗ ನಾನು 'ಹುಷಾರ್, ಕಾವಲುಗಾರ ಕಚ್ಚತಾನ' ಅಂತ ಬರೆದೆ. "ಮೊದಲು ನಿನ್ನೇ ಕಚ್ಚತೀನಿ ನೋಡು" ಅಂತ ನಕ್ಕರು.

ನೀವು ನೆಲ ತೊಳಸ್ರಿ, ಬಣ್ಣ ಹಚ್ಚಸ್ರಿ. ಮಷೀನಿನ ಗೆರಿ ಹೋದ್ರ ಹೋಗಲಿ, ಮತ್ತ ಹಾಕ್ಕೋತೀವಿ. ಬಾಗಿಲ ಹತ್ರದ ಚೌಕಕ್ಕ ಮಾತ್ರ ನೀರು ಹಾಕಬ್ಯಾಡ್ರಿ, ಕಾಕಾ. ಅಮ್ಮಿ ಅದನ್ನ ಇನ್ನೂ ನೋಡಿಲ್ಲ.

ನಿಮ್ಮ ಅಮೀನುದ್ದೀನನ ಮಗಳು,
ಮಸರತ