ಗುಂಡಿಯಲ್ಲಿ ನಿಂತ ನೀರು

ಮಾವನವರಿಗೆ ನಮಸ್ಕಾರಗಳು.

ಈಗ ಸಂಜೆ ಆರು ಗಂಟೆ. ಬಟ್ಟೆ ಅಂಗಡಿಯ ಮುಂದೆ ಪ್ಲಾಸ್ಟಿಕ್ ಹುಲ್ಲು ಹಾಸಲು ಇವತ್ತು ನೆಲ ಅಗೆಸಿದೆ. ಕೆಳಗೆಲ್ಲ ಜೇಡಿಮಣ್ಣು. ನೀರು ಇಂಗುತ್ತದೋ ಇಲ್ಲವೋ ನೋಡಲು ಬೆಳಿಗ್ಗೆ ಗುಂಡಿ ತೋಡಿ ಸುರಿದ ನೀರು ಇನ್ನೂ ಹಾಗೇ ನಿಂತಿದೆ.

ನಿಮ್ಮ ಮಗಳು ಹೋದಮೇಲೆ ನಾನೊಬ್ಬನೇ ಹಿಡಿದ ಮೊದಲ ಕೆಲಸ ಇದು. ಹುಲ್ಲು ಕತ್ತರಿಸಿ ಅಂಟಿಸುವುದು ನನಗೆ ಬರುತ್ತದೆ. ಮಣ್ಣು ನೋಡುತ್ತಿದ್ದವಳು ಅವಳು. ನೀವು ಕಲಿಸಿದಂತೆ ಒಂದು ಹಿಡಿ ಹಿಸುಕಿ, "ಇನ್ನೊಂದು ಗೇಣು ತೆಗೀರಿ" ಅನ್ನುತ್ತಿದ್ದಳು. "ಈ ಮಣ್ಣು ನಮ್ಮಪ್ಪನ ಹಾಗೆ ಕಣ್ರೀ, ಒಳಗೆ ಇಟ್ಕೊಂಡಿದ್ದನ್ನ ಸುಲಭಕ್ಕೆ ಬಿಡಲ್ಲ" ಎಂದು ನಗುತ್ತಿದ್ದಳು. ಇವತ್ತು ನಾನೂ ಹಿಸುಕಿ ನೋಡಿದೆ. ಕೈಗೆ ಅಂಟಿತೇ ಹೊರತು ಏನೂ ತಿಳಿಯಲಿಲ್ಲ.

ಅಂಗಡಿಯವರು, "ಮೇಲೆ ಹಸಿರು ಕಂಡ್ರೆ ಸಾಕಪ್ಪ, ಕೆಳಗೆ ಇಣುಕಿ ನೋಡೋರು ಯಾರು?" ಅನ್ನುತ್ತಾರೆ. ಮಳೆಗೆ ಮಣ್ಣು ಉಬ್ಬಿ ಹಾಸು ಎದ್ದರೆ ಅವಳು ಗಳಿಸಿದ ಹೆಸರು ನನ್ನ ಕೈಯಲ್ಲಿ ಕೆಡುತ್ತದೆ ಎಂಬ ಭಯ. ಮಧ್ಯಾಹ್ನದ ಬುತ್ತಿ ಹಾಗೇ ಉಳಿದಿದೆ.

ಅವಳನ್ನು ಮಣ್ಣು ಮಾಡಿದ ದಿನದಿಂದ ನೀವು ನನ್ನೊಡನೆ ಮಾತಾಡಿಲ್ಲ. ಈಗಲೂ ಮಾತಾಡಲೇಬೇಕೆಂದಿಲ್ಲ. ಬೆಳಿಗ್ಗೆ ಬಂದು ಒಂದು ಹಿಡಿ ಮಣ್ಣು ಹಿಸುಕಿ, ಅಗೆದದ್ದು ಸಾಕೋ ಸಾಲದೋ ಎಂದು ಕೈಸನ್ನೆ ಮಾಡಿದರೂ ಆದೀತು. ನಿಮಗೆ ಮೊಣಕಾಲು ನೋವೆಂದು ನಾದಿನಿ ಹೇಳಿದಳು. ಗುಂಡಿಯ ಪಕ್ಕದಲ್ಲೇ ಕುರ್ಚಿ ಹಾಕಿಸಿರುತ್ತೇನೆ. ಈ ಪತ್ರವನ್ನು ನಾದಿನಿಯ ಕೈಯಲ್ಲೇ ಕಳಿಸುತ್ತಿದ್ದೇನೆ.

ನಾಳೆ ಹತ್ತು ಗಂಟೆಗೆ ಜಲ್ಲಿ ಲಾರಿ ಬರುತ್ತದೆ. ಅದು ಸುರಿದ ಮೇಲೆ ಮಣ್ಣು ಕಾಣುವುದಿಲ್ಲ.

ಇಂತಿ,
ನಿಮ್ಮ ಅಳಿಯ