ಆರು ಟ್ರೇ ಮೊಟ್ಟೆ, ಒಂದು ಫೋನು

ಸರಬರಾಜು ಜಾಲದ ಮಾನ್ಯ ನಿರ್ದೇಶಕರೇ,

ನನ್ನ ಮೇಜಿನ ಮೇಲಿಂದ ನೀವು ಎತ್ತಿಸಿದ ಫೋನನ್ನು ವಾಪಸು ಕೊಡಿ. ಅದಿಲ್ಲದ್ದರಿಂದ ಒಬ್ಬರು ಮೂರು ದಿನ ತಮ್ಮ ಅಂಗಡಿಯೊಳಗೇ ಬಿದ್ದಿದ್ದರು. ನಿಮ್ಮ ಜಾಲಕ್ಕೆ ಮಾತ್ರ ಎಲ್ಲವೂ ಸರಿಯಾಗಿತ್ತು.

ಹತ್ತೊಂಬತ್ತು ವರ್ಷದಿಂದ ನಾನು ಮೊಟ್ಟೆ ಉಗ್ರಾಣದ ಗುಮಾಸ್ತ. ಬೆಳಗ್ಗೆ ಆರಕ್ಕೆ ಕೂತು ನಲವತ್ತು ಅಂಗಡಿಗೆ ಫೋನು ಮಾಡಿ "ಇವತ್ತೆಷ್ಟು?" ಎಂದು ಕೇಳುವುದು ಕೆಲಸ. ಕೊನೆಯ ಬೀದಿಯ ಅಂಗಡಿಯ ಅಕ್ಕ ದಿನಾ ಆರು ಟ್ರೇ ಹೇಳುತ್ತಿದ್ದರು. "ನಿನ್ನೆ ಎರಡು ಒಡೆದಿತ್ತು ಕಣಪ್ಪ. ಏನು, ಅದರ ಮೇಲೇ ಕೂತು ಫೋನ್ ಮಾಡ್ತೀಯಾ?" ಎಂದು ಛೇಡಿಸಿ, "ತಿಂಡಿ ಆಯ್ತಾ?" ಎನ್ನುತ್ತಿದ್ದರು. ಇಡೀ ದಿನದಲ್ಲಿ ನನ್ನನ್ನು ಹಾಗೆ ಕೇಳುವವರು ಬೇರೆ ಯಾರೂ ಇರಲಿಲ್ಲ. ನಾಲ್ಕೇ ಸಾಕು ಎಂದ ದಿನ ನಾನು, "ಯಾಕಕ್ಕಾ, ಹುಷಾರಿಲ್ವಾ?" ಎನ್ನುತ್ತಿದ್ದೆ. ಹುಷಾರಿರುತ್ತಿರಲಿಲ್ಲ. ಅವರ ಮುಖವನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ಆಮೇಲೆ ನಿಮ್ಮ ಜಾಲ ಬಂತು. ಈಗ ಅಂಗಡಿಯ ಕಪಾಟೇ ತೂಕ ನೋಡಿ ಆರ್ಡರ್ ಹಾಕುತ್ತದೆ, ನಾನು ಪರದೆಯ ಮುಂದೆ ಕೂತು 'ಒಪ್ಪಿಗೆ' ಒತ್ತುತ್ತೇನೆ. ಇನ್ನು ಕಪಾಟು ಕೋಳಿಯ ಜೊತೆ ನೇರವಾಗಿ ಮಾತಾಡುತ್ತದೆ ಎಂದು ಸಭೆಯಲ್ಲಿ ನಗಿಸಿದಿರಿ. ನಾವೂ ಹಲ್ಲು ಕಿರಿದೆವು. ಆ ಕಪಾಟಿಗೆ ಕೆಮ್ಮು ಕೇಳಿಸುತ್ತದೆಯೇ, ಸ್ವಾಮಿ?

ಒಂದು ಸೋಮವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡ ಅಕ್ಕ ಒಳಕೋಣೆಯಲ್ಲಿ ಜಾರಿ ಬಿದ್ದರು. ಕಪಾಟಿನ ಮೊಟ್ಟೆ ಖರ್ಚಾಗಲಿಲ್ಲ. ಮಂಗಳವಾರ ನನ್ನ ಪರದೆಯಲ್ಲಿ 'ಬೇಡಿಕೆ ಇಳಿಕೆ: ನಾಲ್ಕು' ಎಂದು ಬಂತು, ಬುಧವಾರ 'ಶೂನ್ಯ'. ಪಕ್ಕದಲ್ಲಿ ಹಸಿರು ಗುರುತು. ಎರಡೂ ದಿನ ಒಪ್ಪಿಗೆ ಒತ್ತಿದೆ. ಜೇಬಿನಲ್ಲಿ ಮೊಬೈಲು ಇರಲಿಲ್ಲವೇ ಎನ್ನುತ್ತೀರಿ. ಇತ್ತು. ಅಂಗಡಿಯವರ ಜೊತೆ ಮಾತಾಡುವುದು ಸಮಯದ ಪೋಲು ಎಂದು ಸುತ್ತೋಲೆ ಹೊರಡಿಸಿದವರು ನೀವು, ಅದಕ್ಕೆ ಹೆದರಿ ಬಾಯಿ ಮುಚ್ಚಿಕೊಂಡು ಕೂತವನು ನಾನು.

ಗುರುವಾರ ಪಕ್ಕದ ಅಂಗಡಿಯ ಟೈಲರ್ ಬಾಗಿಲು ಒಡೆಸುವಷ್ಟರಲ್ಲಿ ಅವರ ಉಸಿರು ನಿಂತಿತ್ತು. ಮೆಟ್ಟಿಲ ಮೇಲೆ ಲಾರಿಯವನು ಇಟ್ಟುಹೋದ ನಾಲ್ಕು ಟ್ರೇ ಹಾಗೇ ಇದ್ದವಂತೆ. ಒಂದು ಮೊಟ್ಟೆಯೂ ಒಡೆದಿರಲಿಲ್ಲ. ನಿಮ್ಮ ವರದಿಯಲ್ಲಿ ಅದನ್ನು ಸಾಧನೆ ಎಂದೇ ಬರೆದಿದ್ದೀರಿ.

ಅಂತ್ಯಕ್ರಿಯೆಗೆ ಹೋದಾಗಲೇ ಅವರ ಮುಖ ಕಂಡದ್ದು. ಟೈಲರ್, "ಅವರಿಗೆ ನೀವು ಏನಾಗ್ಬೇಕು?" ಎಂದ. "ದಿನಾ ಬೆಳಗ್ಗೆ ಫೋನ್ ಮಾಡ್ತಿದ್ದೆ" ಎಂದೆ.

"ಓ, ಆ ಮೊಟ್ಟೆಯವರು ನೀವೇನಾ? ಫೋನ್ ನಿಂತ್ಮೇಲೂ ಅಕ್ಕ ಆರಕ್ಕೆ ಎದ್ದು ಅದರ ಪಕ್ಕ ಕೂತಿರೋರು."

ಇನ್ನು ಮುಂದೆ 'ಶೂನ್ಯ' ಎಂದು ಬಂದರೆ ಒಪ್ಪಿಗೆ ಒತ್ತುವ ಮೊದಲು ಒಬ್ಬ ಮನುಷ್ಯ ಫೋನು ಮಾಡಲೇಬೇಕೆಂದು ಆದೇಶ ಹೊರಡಿಸಿ. ನನ್ನ ಪಟ್ಟಿಯಲ್ಲಿ ಇನ್ನೂ ಮೂವತ್ತೊಂಬತ್ತು ಅಂಗಡಿಗಳಿವೆ.

ಇಂತಿ,
ತಿಂಡಿ ಆಯ್ತಾ ಎಂದು ಈಗ ಯಾರೂ ಕೇಳದ,
ನಿಮ್ಮ ಒಪ್ಪಿಗೆ ಗುಮಾಸ್ತ