ಗಡ್ಡೆಯಲ್ಲಿ ಉಳಿದ ಅತ್ತೆ

೧೭-೧೦-೧೯೮೨, ರವಿವಾರ. ಗಂಗಾವತಿ

ಇವತ್ತು ಅತ್ತೆಯನ್ನು ನದಿಯ ನಡುವೆ ಬಿಟ್ಟು ಬಂದಿದ್ದೆವು.

ಓಣಿಯ ಹೆಂಗಸರೆಲ್ಲ ಆನೆಗೊಂದಿಯಿಂದ ಎರಡು ಹರಿಗೋಲಿನಲ್ಲಿ ನವವೃಂದಾವನ ನಡುಗಡ್ಡೆಗೆ ಹೋಗಿದ್ದೆವು. ಒಂಬತ್ತು ವೃಂದಾವನ ಸುತ್ತಿ, ರಂಗನಾಥನಿಗೆ ಕೈಮುಗಿದು, ಬುತ್ತಿ ಉಂಡೆವು. ಮರಳುವಾಗ ಅತ್ತೆ ಇನ್ನೊಂದು ಹರಿಗೋಲಿನಲ್ಲಿದ್ದಾರೆ ಅಂದುಕೊಂಡೆ. ಅದರಲ್ಲಿದ್ದವರು, ಸೊಸೆಯ ಜೊತೆಗಿದ್ದಾರೆ ಅಂದುಕೊಂಡರು. ದಡದಲ್ಲಿ ನೋಡಿದರೆ ಎರಡರಲ್ಲೂ ಇಲ್ಲ! ಹೊತ್ತು ಮುಳುಗುತ್ತಿತ್ತು. ಬೆಳಿಗ್ಗೆ ಹೊರಡುವಾಗ ಅವರ ಮೇಲೆ ಸುಮ್ಮನೆ ಸಿಡುಕಿದ್ದೆ. ಅದೇ ನೆನಪಾಗಿ ಅತ್ತುಬಿಟ್ಟೆ.

"ಅಳಬ್ಯಾಡ್ರಿ ಅಕ್ಕಾರ, ಹತ್ರಿ," ಎಂದು ಅಂಬಿಗ ಆದೆಪ್ಪ ಮತ್ತೆ ಹುಟ್ಟು ಹಾಕಿದ.

ಅತ್ತೆ ಬಂಡೆಯ ಮೇಲೆ ಕೂತು ನೀರಿಗೆ ಕಾಲು ಇಳಿಬಿಟ್ಟಿದ್ದರು. ಓಡಿ ಹೋಗಿ ತಬ್ಬಿಕೊಂಡೆ.

"ಭಾಳ ಅಂಜಿದ್ರೇನ್ರಿ ಅತ್ತಿ?"

"ಯಾಕ ಅಂಜಲಿ? ಲಗ್ನಾಗಿ ನಲವತ್ತು ವರ್ಷಾತು, ಯಾರೂ ಕರೀಲಾರದಂಗ ಕುಂತಿದ್ದು ಇವತ್ತ ನೋಡವ್ವಾ. ಇಷ್ಟು ಲಗೂನ ಯಾಕ ಬಂದಿ?"

ಅಳುತ್ತಲೇ ನಕ್ಕೆ. ಆದೆಪ್ಪನೂ ನಕ್ಕ. ಮನೆಯಲ್ಲಿ ಇವರಿಗೆ ಹೇಳಬೇಡ ಎಂದು ಅತ್ತೆ ದಾರಿಯುದ್ದಕ್ಕೂ ಕೈ ಹಿಡಿದುಕೊಂಡಿದ್ದರು. ಹೇಳಿಲ್ಲ. ನಾಳೆಯಿಂದ ಸಂಜೆಯ ಅಡಿಗೆ ನಾನೇ ನೋಡಿಕೊಂಡು, ಅತ್ತೆಯನ್ನು ಒಂದು ಗಳಿಗೆ ಕಟ್ಟೆಯ ಮೇಲೆ ಕೂರಿಸಿ, ಯಾರೂ ಕರೆಯದ ಹಾಗೆ... ನಿದ್ದೆಗೆ ಕಣ್ಣು ಎಳೆಯುತ್ತಿದೆ.